ದುಖಾನಿನ ಬಾಟಲಿ

"ಮುಚ್ಚಬೇಡಿ, ಮುಚ್ಚಬೇಡಿ!"

ಲತೇಶ್ ಮೊಬೈಲನ್ನು ಕಿವಿಯಿಂದ ತೆಗೆಯದೆಯೇ ಓಡಿಬಂದು ಪೆಟ್ಟಿಗೆಯ ಅಂಚಿಗೆ ಕೈ ಅಡ್ಡ ಹಿಡಿದ. ಮುಚ್ಚಳ ಎತ್ತಿದ್ದ ಸುಡಾನಿನ ನೌಕರ ಹಾಗೇ ನಿಂತುಬಿಟ್ಟ.

"ಪಂಚಪ್ಪ ಬರ್ತಿದ್ದಾನೆ ಪೂವಕ್ಕ. ದುಖಾನ್ ಊರಿಂದ ಹೊರಟಾಗಿದೆ. ಎಂಥದೋ ಸಿಕ್ಕಿದೆಯಂತೆ. ಬಾಟಲಿ!"

ದೋಹಾದ ಶವಾಗಾರದ ಅಂಗಳದಲ್ಲಿ ಗುಂಪಾಗಿ ನಿಂತಿದ್ದ ಊರವರು ಮುಖ ಮುಖ ನೋಡಿಕೊಂಡರು. ಪೆಟ್ಟಿಗೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ ಬೋಜನಿಗೆ ಐವತ್ತೆಂಟು. ಅಲ್ ಮುಂತಜಾ ಬಡಾವಣೆಯ ಮನೆಯಲ್ಲಿ ಊಟಕ್ಕೆ ಕೂತವನು ತುತ್ತು ಬಾಯಿಗಿಡುವ ಮೊದಲೇ ಪಕ್ಕಕ್ಕೆ ವಾಲಿದ್ದ. ಇಲ್ಲಿ ಸುಡುವ ಜಾಗವಿಲ್ಲ. ಕಾಗದಪತ್ರಗಳೆಲ್ಲ ಮುಗಿದು, ದೇಹ ಇವತ್ತಿನ ವಿಮಾನದಲ್ಲಿ ಮಂಗಳೂರಿಗೆ ಹೋಗಬೇಕಿತ್ತು. ಹೆಂಡತಿ ಪೂವಕ್ಕ, ಮಗಳು ಅಶ್ವಿತಾ ಅದೇ ವಿಮಾನದಲ್ಲಿ ಹೊರಟಿದ್ದರು.

"ಹೆಣದ ಎದುರು ಬಾಟಲಿಯಾ? ಕುಡೀತಿದ್ರಾ ಇವರು?" ಹಿಂದಿನಿಂದ ಯಾರೋ ಕೇಳಿದರು.

"ಒಂದು ಹನಿ ಇಲ್ಲ ಮಾರಾಯ್ರೆ. ಬೋಜಣ್ಣನದ್ದು ಖಾಲಿ ಬಾಟಲಿಯ ಹುಚ್ಚು," ಎಂದ ಲತೇಶ್, ಬೋಜನ ಊರಿನ ಹುಡುಗ.

ಬೆಳಗಿನಿಂದ ಕುರ್ಚಿ ಬಿಟ್ಟೇಳದ ಪೂವಕ್ಕ ಈಗ ಎದ್ದು ನಿಂತಳು. "ಎಲ್ಲಿಗೆ ಮುಟ್ಟಿದ್ದಾನೆ, ಕೇಳು."

ಲತೇಶ್ ನೌಕರನ ಹೆಗಲು ಮುಟ್ಟಿ, ಸ್ವಲ್ಪ ತಾಳು ಎಂಬಂತೆ ಕೈಮುಗಿದ. ನೌಕರ ಪೂವಕ್ಕನ ಮುಖ ನೋಡಿ ಮುಚ್ಚಳವನ್ನು ಗೋಡೆಗೊರಗಿಸಿದ. "ಮಾಫಿ ಮುಷ್ಕಿಲ್," ಎಂದ. ತೊಂದರೆಯಿಲ್ಲ.

*

ಬೋಜ ಮನೆಸಾಮಾನು ಸಾಗಿಸುವ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿದ್ದ. ಕೆಲಸ ಮುಗಿಸಿ ಸ್ವದೇಶಕ್ಕೆ ಮರಳುವ ವಿದೇಶಿಯರ ಮನೆಗಳನ್ನು ಪೆಟ್ಟಿಗೆಗಳಿಗೆ ತುಂಬಿಸುವುದು ಅವನ ಉದ್ಯೋಗ. ತೊಂಬತ್ತರ ದಶಕದಲ್ಲಿ ಒಮ್ಮೆ ವೆಸ್ಟ್ ಬೇಯ ವಿಲ್ಲಾವೊಂದರಲ್ಲಿ ಲೆಸ್ಲಿ ಎಂಬ ಮುದುಕ ಅಮೆರಿಕನ್ ಎಂಜಿನಿಯರನ ಕಪಾಟು ತೆರೆದರೆ ಒಳಗೆ ಸಾಲಾಗಿ ಖಾಲಿ ವಿಸ್ಕಿ ಬಾಟಲಿಗಳು.

"ಇವನ್ನು ಬಿಸಾಡುವುದಾ ಸರ್?"

ಲೆಸ್ಲಿ ನಕ್ಕು ಅವನನ್ನು ನೆಲದಲ್ಲೇ ಕೂರಿಸಿಕೊಂಡ. ಅವರ ದೇಶದಲ್ಲಿ 1920ರಿಂದ ಹದಿಮೂರು ವರ್ಷ ಮದ್ಯವೇ ನಿಷೇಧವಾಗಿತ್ತಂತೆ. ಡಾಕ್ಟರ ಚೀಟಿ ತೋರಿಸಿದವರಿಗೆ ಮಾತ್ರ ಔಷಧವೆಂದು ವಿಸ್ಕಿ ಸಿಗುತ್ತಿತ್ತಂತೆ. ಆ ಕಾಲದ ಬಾಟಲಿಗೆ ಅವನು ಊರೂರು ಸುತ್ತಿದ್ದನಂತೆ. ಹೊರಡುವಾಗ ಬೇರೊಂದು ಸಾಲಿನಿಂದ ಒಂದನ್ನು ತೆಗೆದು ಬೋಜನ ಕೈಗಿಟ್ಟ.

ಅದರ ಹೆಗಲ ಮೇಲೆ ಇಂಗ್ಲಿಷಿನಲ್ಲಿ ಉಬ್ಬಕ್ಷರವಿತ್ತು: ಈ ಬಾಟಲಿಯ ಮಾರಾಟವನ್ನೂ ಮರುಬಳಕೆಯನ್ನೂ ಫೆಡರಲ್ ಕಾನೂನು ನಿಷೇಧಿಸಿದೆ.

"ನಿಷೇಧ ಅಂತ ಗಾಜಿನಲ್ಲೇ ಬರೆದುಂಟು ಪೂವ!" ಎಂದು ಬೋಜ ಮನೆಯೊಳಗೆ ಕುಣಿದ. ಆ ಶುಕ್ರವಾರ ಪೂವಕ್ಕ ಅಂಜಲ್ ಮೀನು ಹುರಿದಳು. ಬಂದವರೆಲ್ಲ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿ ಮೀನು ತಿಂದು ಹೋದರು. ಅದು ಎಷ್ಟೋ ವರ್ಷ ಷೋಕೇಸಿನ ನಡುವೆ ದೇವರ ಹಾಗೆ ಕೂತಿತ್ತು.

ಆಮೇಲೆ ಮನೆಗೆ ಕಂಪ್ಯೂಟರ್ ಬಂತು. ಅಶ್ವಿತಾ ಹುಡುಕಿ ಓದಿದಳು.

"ಪಪ್ಪಾ, ಇದು ಪ್ರೊಹಿಬಿಷನ್‌ದು ಅಲ್ಲ. ನಿಷೇಧ ತೆಗೆದ ಮೇಲೆ, ನೈಂಟೀನ್ ಥರ್ಟಿ ಫೈವ್‌ನಿಂದ ಈ ಲೈನ್ ಹಾಕಿದ್ದು. ಕಳ್ಳಸಾರಾಯಿ ತುಂಬಬಾರದು ಅಂತ. ಈ ಲೈನ್ ಇದ್ರೆ ಅದು ಅಲ್ಲವೇ ಅಲ್ಲ."

ಬೋಜ ಎರಡು ದಿನ ಷೋಕೇಸಿನತ್ತ ತಿರುಗಿಯೂ ನೋಡಲಿಲ್ಲ. ಮೂರನೆಯ ದಿನ ಚಹಾ ಕುಡಿಯುತ್ತಿದ್ದವನು ಜೋರಾಗಿ ನಗತೊಡಗಿದ. "ಹತ್ತು ಜನರಿಗೆ ಮೀನು ಹಾಕಿದ್ದೇವಲ್ಲ ಮಾರಾಯ್ತಿ, ಇದಕ್ಕೆ!"

ನಿಜವಾದ ಹುಡುಕಾಟ ಶುರುವಾದದ್ದು ಅಲ್ಲಿಂದ. ಮೂವತ್ತರ ದಶಕದ ಕೊನೆಗೆ ಕತಾರಿನ ದುಖಾನಿನಲ್ಲಿ ಮೊದಲ ಎಣ್ಣೆಬಾವಿ ಕೊರೆದಾಗ ಅಮೆರಿಕ ಮೊದಲಾದ ಪರದೇಶಗಳ ಡ್ರಿಲ್ಲರುಗಳು ಬಂದಿದ್ದರು, ಅವರ ಕಸದಲ್ಲಿ ಏನಾದರೂ ಇದ್ದೀತು ಎಂದು ಅವನ ಲೆಕ್ಕ. ಅಲ್ಲಿ ಪೈಪ್‌ಲೈನ್ ಕೆಲಸದಲ್ಲಿದ್ದ ಬಾಗಲಕೋಟೆಯ ಪಂಚಪ್ಪ ಜೊತೆಯಾದ. ಶುಕ್ರವಾರ ಇಬ್ಬರೂ ಬಿಸಿಲಲ್ಲಿ ಮರಳು ಕೆದಕುವುದು, ಪೂವಕ್ಕ ಕಾರಿನ ಬಾಗಿಲು ತೆರೆದಿಟ್ಟು ಮುಖ ಊದಿಸಿಕೊಂಡು ಕೂರುವುದು. ಬರುವಾಗ ದಾರಿಯುದ್ದಕ್ಕೂ ಬೋಜನದು ಬಾಟಲಿಯ ಪಾಠ: ಗೆರೆ, ಹೆಗಲು, ತಳ, ಎಲ್ಲವನ್ನೂ ಕಣ್ಣು ಮುಚ್ಚಿ ಬೆರಳಿನಲ್ಲೇ ಓದಬೇಕು ಎಂದು. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

*

ಪಂಚಪ್ಪನ ಪಿಕಪ್ಪು ಗೇಟಿನೊಳಗೆ ನುಗ್ಗಿ ಧೂಳೆಬ್ಬಿಸಿ ನಿಂತಿತು. ಇಳಿದವನ ಉಗುರು, ಮೊಣಕಾಲು, ಹುಬ್ಬೆಲ್ಲ ಮಣ್ಣು. ಎದೆಗವಚಿಕೊಂಡ ಟವೆಲಿನಲ್ಲಿ ಏನೋ ಇತ್ತು.

"ಅಲ್ಲೇ ಆ ಕಲ್ಲಿನ ಬುಡಕ್ಕ ಅಗದು ನೋಡು ಅಂತ ಅಣ್ಣಾರು ಹೇಳಿದ್ರರಿ. ಬೆಳಕು ಹರಿಯೂದ್ರಾಗ ಸಲಿಕಿ ತಗೊಂಡು ಹೋದೆ. ಅವರ ಮುಂದ ಬರಿಗೈಲೆ ಹ್ಯಾಂಗ ಬರ್ಲೆವ್ವಾ?"

ಟವೆಲು ಬಿಚ್ಚಿದ. ಬಾಯಿತನಕ ಮರಳು ತುಂಬಿದ, ಜೇಬಿಗೆ ಹೊಂದುವಂತೆ ಚಪ್ಪಟೆಯಾಗಿದ್ದ ವಿಸ್ಕಿ ಬಾಟಲಿ. ಒಂದು ಸೀಳೂ ಇರಲಿಲ್ಲ.

"ಅದೇ ಏನು?" ಜನ ಮುತ್ತಿಕೊಂಡರು.

"ನನಗೇನ್ ತಿಳೀತೈತ್ರಿ? ನಾ ಬರೇ ಅಗಿಯಾಂವ. ನೋಡಿ ಹೇಳೋರು ಅವರು," ಎಂದ ಪಂಚಪ್ಪ, ಪೆಟ್ಟಿಗೆಯತ್ತ ನೋಡಿ.

"ಕೊಡಿಲ್ಲಿ," ಎಂದಳು ಪೂವಕ್ಕ.

ಅವಳು ಮೆಟ್ಟಿಲ ಮೇಲೆ ಕೂತು ಲತೇಶ್ ತಂದುಕೊಟ್ಟ ನೀರನ್ನು ಅದರ ಮೇಲೆ ಸುರಿದಳು. ಸೆರಗಿನಿಂದ ಉಜ್ಜಿದಳು. ಹೆಬ್ಬೆರಳನ್ನು ಬಾಟಲಿಯ ಪಕ್ಕದ ಗೆರೆಗುಂಟ ಬುಡದಿಂದ ಬಾಯಿಯವರೆಗೆ ಎಳೆದಳು.

"ಅಚ್ಚಿನ ಜೋಡಣೆ ಗೆರೆ ಬಾಯಿವರೆಗೂ ಉಂಟು. ಮಿಷನ್ನಿನಲ್ಲಿ ಮಾಡಿದ್ದು." ಹೆಗಲನ್ನು ಬಿಸಿಲಿಗೆ ಹಿಡಿದಳು. ಒಂದು ಬದಿ. ಇನ್ನೊಂದು ಬದಿ. "ಅಶ್ವಿತಾ, ನಿನ್ನ ಕಣ್ಣು ಚುರುಕು. ಫೆಡರಲ್ ಲಾ ಅಂತ ಉಂಟಾ ನೋಡು."

"ಇಲ್ಲಮ್ಮ. ಒನ್ ಪೈಂಟ್ ಅಂತ ಅಳತೆ ಮಾತ್ರ ಇದೆ."

"ಸರಿ ನೋಡು!"

"ಎಲ್ಲೂ ಇಲ್ಲಮ್ಮ!"

ಪೂವಕ್ಕ ಬಾಟಲಿಯನ್ನು ಬುಡಮೇಲು ಮಾಡಿದಳು. ಅಂಟಿದ್ದ ಮಣ್ಣನ್ನು ಹೇರ್‌ಪಿನ್ನಿನಿಂದ ಕೆರೆದಳು. ವಜ್ರದ ಆಕಾರ, ಅದರ ನಡುವೆ ಸೊನ್ನೆ, ಸೊನ್ನೆಯೊಳಗೊಂದು ಕಡ್ಡಿ. ಗಾಜಿನ ಕಂಪನಿಯ ಗುರುತು.

"ಎಡದ್ದು ಫ್ಯಾಕ್ಟರಿ ನಂಬರ್. ಬಲದ್ದು ಇಸವಿಯ ಕೊನೇ ಅಂಕಿ. ಬಲಕ್ಕೆ ಎಂಥ ಉಂಟು?"

"ಒನ್. ಆದ್ರೆ ಅಮ್ಮ, ಅದು ಫಾರ್ಟಿ ಒನ್ ಕೂಡ ಆಗ್ಬಹುದಲ್ಲ?"

ಪಂಚಪ್ಪ ಕಣ್ಣು ಮುಚ್ಚಿಕೊಂಡ.

"ಹೇಗಾಗ್ತದೆ?" ಪೂವಕ್ಕನ ದನಿ ಏರಿತು. "ನಲ್ವತ್ತೊಂದಾದ್ರೆ ಹೆಗಲಲ್ಲಿ ಫೆಡರಲ್ ಲಾ ಇರ್ಲೇಬೇಕಿತ್ತು. ಅದಿಲ್ಲ ಅಂದ್ರೆ ಮೂವತ್ತೊಂದು. ಮೂವತ್ತೊಂದೇ! ನಿಷೇಧದ ಕಾಲದ್ದೇ ಮಾರಾಯ್ರೇ, ನಿಷೇಧದ್ದೇ!"

ಲತೇಶ್ ಗಾಳಿಗೆ ಮುಷ್ಟಿ ಎತ್ತಿ ಕೂಗಿಬಿಟ್ಟ. ಮರುಕ್ಷಣ ಬಾಯಿ ಮುಚ್ಚಿಕೊಂಡು ಅಳತೊಡಗಿದ. ಯಾರೋ ಪಂಚಪ್ಪನ ಬೆನ್ನು ತಟ್ಟಿದರು. ಸುಡಾನಿನ ನೌಕರನಿಗೆ ಒಂದೂ ಅರ್ಥವಾಗಲಿಲ್ಲ, ಆದರೂ ಹಲ್ಲು ಬಿಟ್ಟು ನಗುತ್ತಿದ್ದ.

"ಪೆಟ್ಟಿಗ್ಯಾಗ ಇಡೂಣೇನ್ರಿ ಅಕ್ಕಾವ್ರ?" ಪಂಚಪ್ಪ ಮೆಲ್ಲಗೆ ಕೇಳಿದ.

"ಇಡ್ಲಿಕ್ಕಿಲ್ಲ. ಸುಡ್ಲಿಕ್ಕೆ ಹುಡುಕಿದ್ದಾ ಅವರು?"

ಅವಳು ಪೆಟ್ಟಿಗೆಯ ಬಳಿ ಹೋಗಿ ಬಗ್ಗಿದಳು. ಗಂಡನ ಕಿವಿಯ ಹತ್ತಿರ ಬಾಯಿಟ್ಟು ತುಳುವಿನಲ್ಲಿ ಏನೋ ಹೇಳಿದಳು, ಉದ್ದಕ್ಕೆ, ಒಂದೊಂದೇ ಗುರುತು ಬಿಡಿಸಿ ಬಿಡಿಸಿ. ಆಮೇಲೆ ಹಿಂದೆ ಸರಿದು ನೌಕರನಿಗೆ ತಲೆಯಾಡಿಸಿದಳು.

ಪೆಟ್ಟಿಗೆ ಹೊತ್ತ ವ್ಯಾನು ವಿಮಾನ ನಿಲ್ದಾಣದ ದಾರಿ ಹಿಡಿಯಿತು. ಹಿಂದಿನ ಕಾರಿನಲ್ಲಿ ಲತೇಶ್ ಅದನ್ನು ಹಿಂಬಾಲಿಸಿದ. ಕನ್ನಡಿಯಲ್ಲಿ ಅವನಿಗೆ ಹಿಂದಿನ ಸೀಟು ಕಾಣುತ್ತಿತ್ತು. ಪೂವಕ್ಕ ಮಗಳ ಕಣ್ಣುಗಳನ್ನು ಒಂದು ಕೈಯಿಂದ ಮುಚ್ಚಿ, ಇನ್ನೊಂದರಲ್ಲಿ ಅವಳ ತೋರುಬೆರಳನ್ನು ಹಿಡಿದು ಬಾಟಲಿಯ ತಳದ ಮೇಲೆ ಮೆಲ್ಲಗೆ ಆಡಿಸುತ್ತಿದ್ದಳು.

"ಅಲ್ಲಲ್ಲ, ಇನ್ನೂ ಬಲಕ್ಕೆ. ಹಾಂ, ಅಲ್ಲಿ. ಸಿಕ್ಕಿತಾ?"