ಆರಿಸಿದ ಹತ್ತಿ

ಕೂಲಿಗೆ ಮೆಣಸಿನಕಾಯಿ ತೊಟ್ಟು ಮುರಿದ ಕೈಯಿಂದ ಯಮನವ್ವ ಮೊಮ್ಮಗಳ ಮುಖ ತೊಳೆಯುತ್ತಿರಲಿಲ್ಲ. ಮೂರು ಸಲ ಸೋಪು ಹಚ್ಚಿದರೂ ಬೆರಳಿನ ಖಾರ ಹೋಗುತ್ತಿರಲಿಲ್ಲ. ಮಲಗುವಾಗ ಎರಡೂ ಕೈಗೆ ಒದ್ದೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಇಪ್ಪತ್ತು ವರ್ಷಕ್ಕೂ ಹೆಚ್ಚು ಹೀಗೇ ನಡೆಯಿತು. ಅದಕ್ಕೆ ಮೊದಲು ಅವಳು ಗದಗಿನ ಹತ್ತಿ ಗಿರಣಿಯಲ್ಲಿ ಹತ್ತಿ ಆರಿಸುತ್ತಿದ್ದಳು. ಗದಗ ಜಿಲ್ಲೆಯಾಯಿತೆಂದು ಎಲ್ಲರೂ ಪೇಢೆ ಹಂಚಿದ ವರ್ಷವೇ ಆ ಗಿರಣಿಗೆ ಬೀಗ ಬಿತ್ತು. ಯಮನವ್ವನಿಗೂ ಒಂದು ಪೇಢೆ ಸಿಕ್ಕಿತ್ತು.

ಈಗ ಗಿರಣಿ ತೆರೆದಿದೆ. ಊರಿನ ನಡುಭಾಗಕ್ಕೆ ಮತ್ತೆ ಜೀವ ಬಂತು ಎಂದು ಪೇಪರಿನವರು ಬರೆದರು. ಹತ್ತಿ ಒಟ್ಟುತ್ತಿದ್ದ ಕಡೆ ಕಾಫಿ ಅಂಗಡಿ, ಯಂತ್ರಗಳಿದ್ದ ಕಡೆ ಸೀರೆ ಅಂಗಡಿ. ಆ ಕಾಫಿಯ ಬೆಲೆ ಎಷ್ಟೆಂದು ನಾನು ಹೇಳುವುದಿಲ್ಲ, ಹೇಳಿದರೆ ನೀವು ನಂಬುವುದಿಲ್ಲ.

ಅಲ್ಲಿಯ ಮ್ಯಾನೇಜರ್ ಸುನಿಲಕುಮಾರ ತಾನೇ ಯಮನವ್ವನ ಮನೆ ಹುಡುಕಿಕೊಂಡು ಬಂದ.

"ಅಮ್ಮಾ, ನೀವು ಮೊದಲ ಗಿರಣ್ಯಾಗ ಇದ್ರಂತ. ಬರ್ರಿ, ಅದ ಕೆಲಸ ಐತಿ. ಹತ್ತಿ ಆರ್ಸೂದು."

"ಖರೇನ್ರಿ ಸಾಹೇಬ್ರ? ಹತ್ತೀನ?"

"ಖರೇ. ಇಲಕಲ್ ಸೀರಿ ಉಟ್ಕೊಂಡು ಬರ್ರಿ, ಸಾಕು."

ಯಮನವ್ವ ಅವನ ಮುಂದೆಯೇ ಅತ್ತುಬಿಟ್ಟಳು. ಮರುದಿನದಿಂದ ಗಿರಣಿ ಬಾಗಿಲ ಬಳಿಯ ಕಟ್ಟೆಯ ಮೇಲೆ ದೊಡ್ಡ ಬುಟ್ಟಿ ಇಟ್ಟುಕೊಂಡು ಕೂತಳು. ಕಡ್ಡಿ, ಎಲೆಚೂರು, ಕೊಳೆತ ಹತ್ತಿ ಎಲ್ಲ ತೆಗೆದು ಪಕ್ಕಕ್ಕಿಟ್ಟಳು. ಬಂದವರು ಫೋಟೋ ಹೊಡೆದುಕೊಂಡರು. ಹೊಡೆದುಕೊಳ್ಳಲಿ, ಅವಳ ಕೈ ಉರಿಯುತ್ತಿರಲಿಲ್ಲ.

"ನಾ ಆರ್ಸಿದ ಹತ್ತಿ ನೂಲಾಗಿ ಬೆಟಗೇರಿ ಮಗ್ಗಕ್ಕ ಹೋಗತೈತಿ," ಎಂದು ಮೊಮ್ಮಗಳು ಪ್ರಿಯಾಗೆ ದಿನಾ ಹೇಳುತ್ತಿದ್ದಳು.

ಒಂದು ಸೋಮವಾರ ಅವಳ ಬಳೆ ಒಡೆಯಿತು. ಬುಟ್ಟಿಗೆ ಬಿದ್ದ ಹಸಿರು ಚೂರನ್ನು ಹುಡುಕಿ ಕಸಕ್ಕೆ ಹಾಕಿದಳು. ಗುರುವಾರ ಅದೇ ಚೂರು ಹತ್ತಿಯೊಳಗಿಂದ ಮತ್ತೆ ಕೈಗೆ ಬಂತು. ಮೇಲಿನ ಬಂಗಾರದ ಚುಕ್ಕಿಯೂ ಅದೇ. ಕಸ ಗುಡಿಸುವ ಅಮೀನಬಿ ಅಲ್ಲೇ ಇದ್ದಳು. ಹಳೆಯ ಗಿರಣಿಯಲ್ಲೂ ಇಬ್ಬರೂ ಒಟ್ಟಿಗೇ ಇದ್ದವರು.

"ಅಮೀನಬಿ, ಇದು ಸೋಮವಾರದ್ದು. ಮತ್ತ ಹೆಂಗ ಬಂತು?"

ಅಮೀನಬಿಯ ಕಸಬರಿಗೆ ನಿಂತಿತು. "ಕೇಳಬ್ಯಾಡ ಅಕ್ಕಾ."

"ಹೇಳು."

"ಸಂಜಿಮುಂದ ನೀ ಹ್ವಾದಮ್ಯಾಲೆ ಕಸಾ ಎಲ್ಲಾ ಹತ್ತಿಯೊಳಗ ತಿರುಗಿ ಕಲಸು ಅಂತಾರ ಸಾಹೇಬ್ರು. ನಾನ ಕಲಸ್ತೀನಿ, ದಿನಾ. ನಿನಗ ಹೇಳಿದ್ರ ಬಿಟ್ಟು ಹೋಗತಿ, ಮತ್ತ ಮೆಣಸಿನಕಾಯಿಗೆ ಕುಂಡ್ರತಿ ಅಂತ ಬಾಯಿ ಮುಚ್ಕೊಂಡಿದ್ನಿ."

ಯಮನವ್ವನಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಒಂದು ತಿಂಗಳಿಂದ ಒಂದೇ ಬುಟ್ಟಿ ಹತ್ತಿ. ಅವಳ ಕೈಗಳು ಮಾತ್ರ ಸಂಜೆಯವರೆಗೂ ಆರಿಸುತ್ತಲೇ ಇದ್ದವು. ಹೋಗುವಾಗ ಮ್ಯಾನೇಜರನ್ನು ಕೇಳಿದಳು.

"ಸಾಹೇಬ್ರ, ಈ ಹತ್ತಿ ಎಲ್ಲಿಗೂ ಹೋಗೂದಿಲ್ಲೇನ್ರಿ?"

"ಎಲ್ಲಿಗೆ ಹೋಗ್ಬೇಕ್ರಿ ಅಮ್ಮಾ? ಮಂದಿ ನೋಡ್ಲಿ ಅಂತ ಇಟ್ಟಿದ್ದದು. ನಿಮಗೇನ್ ಕಡಿಮಿ ಆಗೇತಿ? ನೆರಳಿನಾಗ ಕುಂಡ್ರತೀರಿ, ಪಗಾರ ಬರತೈತಿ."

ಈ ಮಾತು ಕೇಳಿ ನನಗೇ ಮೈಯೆಲ್ಲ ಉರಿಯಿತು. ಯಮನವ್ವ ಮಾತ್ರ ತಲೆಯಾಡಿಸಿ ಮನೆಗೆ ಹೋದಳು. ಪ್ರಿಯಾ ಹತ್ತಿಯ ಸುದ್ದಿ ಕೇಳಿದಾಗ ಅವಳ ತಲೆ ಬಾಚಲು ಕೂತಳು.

ಶನಿವಾರ ಸಂಜೆ ಅಮೀನಬಿ ಕಸ ಕಲಸಲಿಲ್ಲ. ಆ ಕಸವನ್ನೆಲ್ಲ ಹೊರಗೊಯ್ದು ಸುಟ್ಟಳು.

ಭಾನುವಾರ ಹುಬ್ಬಳ್ಳಿ ಕಡೆಯ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಬುಟ್ಟಿ ತುಂಬ ಅಚ್ಚ ಬಿಳಿ ಹತ್ತಿ, ಆರಿಸಲು ಒಂದು ಕಡ್ಡಿಯೂ ಇರಲಿಲ್ಲ. ಯಮನವ್ವ ಎರಡೂ ಕೈ ತೊಡೆಯ ಮೇಲಿಟ್ಟು ಕೂತಿದ್ದಳು.

"ಅಮ್ಮಾ, ಕೈ ಆಡಸ್ರಿ. ಮಂದಿ ನೋಡಾಕತ್ತಾರ," ಎಂದ ಸುನಿಲಕುಮಾರ. ಬುಟ್ಟಿ ನೋಡಿ ಅವನಿಗೆ ಗೊತ್ತಾಯಿತು. "ಅಮೀನಬಿ, ನಾಳಿಂದ ನೀ ಬರಬ್ಯಾಡ."

ಅಮೀನಬಿ ಕಸಬರಿಗೆ ಕೆಳಗಿಟ್ಟು ಯಮನವ್ವನ ಪಕ್ಕ ಬಂದು ಕೂತಳು.

ಫೋನು ಹಿಡಿದು ನಿಂತಿದ್ದ ಹೆಣ್ಣುಮಗಳೊಬ್ಬಳು ಕೇಳಿದಳು: "ಯಾಕ್ರಿ ಅಮ್ಮಾ, ಸುಮ್ನ ಕುಂತೀರಿ? ಸ್ವಲ್ಪ ಆರ್ಸಿ ತೋರಸ್ರಿ, ವಿಡಿಯೋ ಮಾಡ್ಕೋತೀನಿ."

ಯಮನವ್ವ ಕಾಫಿ ಅಂಗಡಿಯವರಿಗೂ ಕೇಳುವ ಹಾಗೆ ದನಿ ಎತ್ತಿದಳು.

"ಆರ್ಸೂದು ಮುಗದೈತಿ ಯವ್ವಾ. ಗಿರಣಿ ಅಂತ ಬೋರ್ಡು ಹಾಕ್ಯಾರಲ್ಲ, ಬ್ಯಾರೆ ಹತ್ತಿ ತರಸ್ರಿ ಅಂತ ಇವರಿಗೆ ಹೇಳು. ಅಲ್ಲೀತನಕ ನಾವಿಬ್ರೂ ಇಲ್ಲೇ ಕುಂತಿರತೀವಿ."