ರಮಿತಾಳಿಗೆ ಸಿಕ್ಕ ಸಾವು

ಎಂಟು ವರ್ಷ ಜನರನ್ನು ನಗಿಸಿ ನಗಿಸಿ ರಮಿತಾಳಿಗೆ ಸಾಕೋ ಸಾಕಾಗಿತ್ತು. ಹಿಂದಿ ಹಾಸ್ಯ ಧಾರಾವಾಹಿಯೊಂದರಲ್ಲಿ ಅವಳು ಪಕ್ಕದ ಮನೆಯ ಸೌತ್ ಇಂಡಿಯನ್ ಆಂಟಿ. ಮುಡಿ ತುಂಬ ಪ್ಲಾಸ್ಟಿಕ್ ಮಲ್ಲಿಗೆ, ಮಾತಿಗೊಂದು ‘ಅಯ್ಯಯ್ಯೋ’, ಗಂಡನ್ನು ಹೆಣ್ಣು ಮಾಡುವ, ಹೆಣ್ಣನ್ನು ಗಂಡು ಮಾಡುವ ಹಿಂದಿ. ಹುಟ್ಟಿ ಬೆಳೆದದ್ದು ಮುಂಬಯಿ ಪಕ್ಕದ ಠಾಕುರ್ಲಿಯಲ್ಲಿ, ಶಾಲೆಯಲ್ಲಿ ಹಿಂದಿಗೆ ಬಹುಮಾನ ಬೇರೆ. ಆದರೂ ಹೊಟ್ಟೆಪಾಡು ಮಾತ್ರ ಹರಕುಮುರುಕು ಹಿಂದಿಯದ್ದು! ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ, ತರಕಾರಿ ಅಂಗಡಿಯಲ್ಲಿ, ಕೊನೆಗೆ ಯಾರದೋ ಹದಿಮೂರರ ಊಟದಲ್ಲೂ ಜನ ಸೆಲ್ಫಿಗೆ ಮುಖ ಒಡ್ಡಿ, “ಒಂದು ಅಯ್ಯಯ್ಯೋ ಹೇಳಿ” ಎನ್ನುತ್ತಿದ್ದರು. ಸತ್ತವರ ಮನೆಯಲ್ಲಿ, ಹೇಳಿ! ರಮಿತಾ ನಗುನಗುತ್ತಾ ಹೇಳುತ್ತಿದ್ದಳು, ಮನೆಗೆ ಬಂದು ಪಾತ್ರೆ ಕುಕ್ಕುತ್ತಿದ್ದಳು.

ಅಂಥವಳಿಗೆ ಕಣ್ಣೀರಿನ ಧಾರಾವಾಹಿಯೊಂದರಲ್ಲಿ ಪುಟ್ಟ ಪಾತ್ರ ಸಿಕ್ಕಿತು. ದೊಡ್ಡ ಸೊಸೆ; ಆಸ್ಪತ್ರೆಯಲ್ಲಿ ಸಾಯಬೇಕು. ಆ ಸಾವು ಚಾನೆಲ್‌ನ ಮೇಡಂಗೆ ಹಿಡಿಸಿದರೆ ಮುಂದಿನ ಹೊಸ ಧಾರಾವಾಹಿಯಲ್ಲಿ ತಾಯಿಯ ಪಾತ್ರ, ಅದೂ ಮುಖ್ಯ ಪಾತ್ರ. ಹಿಡಿಸದಿದ್ದರೆ ಮತ್ತೆ ಅದೇ ಆಂಟಿ. ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅಡಿಗೆಮನೆಯಲ್ಲಿ ಒಮ್ಮೆ ಸಾಯುವಳು, ಬಾಲ್ಕನಿಯಲ್ಲಿ ಒಮ್ಮೆ ಸಾಯುವಳು.

“ಹಗಲುಹೊತ್ತಿನಲ್ಲಿ ಎಂತ ಅಪಶಕುನ ಮಾರಾಯ್ತಿ!” ಎಂದು ಅಮ್ಮ ಜಲಜಾಕ್ಷಿ ಬೈದಳು.

“ನೀನೂ ಸೆಟ್ಟಿಗೆ ಬಾ ಅಮ್ಮ. ನಿನ್ನ ಮಗಳಿಗೆ ಅಳಿಸಲಿಕ್ಕೂ ಬರ್ತದೆ ಅಂತ ನೋಡು.”

ಅಲ್ಲೇ ಅವಳು ಎಡವಿದ್ದು.

ಠಾಣೆಯ ಘೋಡ್‌ಬಂದರ್ ರಸ್ತೆಯ ಸ್ಟುಡಿಯೋದಲ್ಲಿ ರಮಿತಾ ಸತ್ತಳು. ಎಂಥಾ ಸಾವು ಅಂತೀರಿ! ಕಡೆಯ ಮಾತು ಗಂಟಲಲ್ಲೇ ಉಳಿಯಿತು, ಕಣ್ಣು ಬಾಗಿಲ ಕಡೆಗೇ ನಿಂತಿತು. ಮೂಗಿಗೆ ಹತ್ತಿ ಇಟ್ಟು, ಬಿಳಿ ಬಟ್ಟೆ ಹೊದಿಸಿ ಇನ್ನೊಂದು ಶಾಟ್ ತೆಗೆದರು. ಲೈಟಿನವರು ಮೂಗು ಒರೆಸಿಕೊಂಡರು. ಕಟ್ ಎಂದ ಮೇಲೆ ರಮಿತಾ ಮೆಲ್ಲಗೆ ಕಣ್ಣು ಬಿಟ್ಟು ನೋಡಿದರೆ ಚಾನೆಲ್‌ನ ಮೇಡಂ ಕನ್ನಡಕ ತೆಗೆದು ಕಣ್ಣೊತ್ತಿಕೊಳ್ಳುತ್ತಿದ್ದರು. ಗೆದ್ದೆ, ಎಂದುಕೊಂಡಳು ರಮಿತಾ.

“ರಮಿತಾಜಿ, ಈಗ ಒಂದು ನಗು ಕೊಡಿ” ಎಂದರು ಡೈರೆಕ್ಟರು.

ಸೆಟ್ಟಿನ ಪದ್ಧತಿ ಅದು. ಸತ್ತ ಪಾತ್ರದವರು ಏಳುವ ಮೊದಲು ಕ್ಯಾಮೆರಾ ಎದುರು ಒಮ್ಮೆ ನಗಬೇಕು, ಸಾವಿನ ಪೀಡೆ ಅಲ್ಲಿಗೇ ಕಳೆಯಲಿ ಎಂದು. ರಮಿತಾ ತುಟಿ ಬಿಗಿಹಿಡಿದಳು. ತಾನು ಹಲ್ಲು ಬಿಟ್ಟರೆ ಸಾಕು, ಇವರಿಗೆಲ್ಲ ಆ ಆಂಟಿಯೇ ಕಾಣುತ್ತಾಳೆ. ಪಟ್ಟ ಪಾಡೆಲ್ಲ ನೀರುಪಾಲು.

“ಬೇಡ ಸರ್. ನನಗೆ ಅದರಲ್ಲೆಲ್ಲ ನಂಬಿಕೆ ಇಲ್ಲ.”

“ನಗು ಮಗಾ.”

ಅಮ್ಮ! ನೆಲದ ಮೇಲಿನ ವೈರುಗಳನ್ನೆಲ್ಲ ದಾಟಿ ಮಂಚದ ಹತ್ತಿರ ಬಂದುಬಿಟ್ಟಿದ್ದಳು. ಮುಖ ಬಿಳಿಚಿಕೊಂಡಿತ್ತು. ಕಾಮಾಲೆಯಲ್ಲಿ ತೀರಿಕೊಂಡ ಮಗ ಸೂರಜ್‌ನನ್ನು ಕಲ್ಯಾಣದ ಆಸ್ಪತ್ರೆಯಿಂದ ಹೊರಗೆ ತಂದದ್ದೂ ಹೀಗೇ, ಮೂಗಿಗೆ ಹತ್ತಿ ಇಟ್ಟು.

“ಅಮ್ಮ, ಇದು ಬರೀ ಶೂಟಿಂಗ್. ನನ್ನ ಜೀವನದ ಪ್ರಶ್ನೆ, ಸುಮ್ಮನಿರು.”

“ನನಗೂ ನಿನ್ನ ಜೀವದ್ದೇ ಪ್ರಶ್ನೆ. ನಗು.” ಹತ್ತಿಯನ್ನು ತಾನೇ ಕಿತ್ತೆಸೆದಳು. ಮಗಳ ಮೂಗಿನ ಕೆಳಗೆ ಬೆರಳು ಹಿಡಿದು ಉಸಿರು ನೋಡಿದಳು.

ರಮಿತಾಳಿಗೆ ಸಿಟ್ಟು ನೆತ್ತಿಗೇರಿತು. ಅಮ್ಮನನ್ನು ಹೊರಗೆ ಕಳಿಸಿ ಎಂದು ಹೇಳಬೇಕೆಂದು ಬಾಯಿ ತೆರೆದಳು. ಮೂಗಿನ ಕೆಳಗಿನ ಆ ಬೆರಳು ನೋಡಿ ಆಗಲಿಲ್ಲ. ನಕ್ಕಳು.

ಸೆಟ್ಟಿಗೆ ಸೆಟ್ಟೇ ಗೊಳ್ಳೆಂದಿತು. “ಅಯ್ಯಯ್ಯೋ ಆಂಟಿ!” ಎಂದು ಯಾರೋ ಕೂಗಿದರು. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೋಗುವಾಗ ಅವಳ ಕೆನ್ನೆ ತಟ್ಟಿ, “ನೀವು ಕಾಮಿಡಿಗೇ ಹುಟ್ಟಿದವರು, ಅದನ್ನು ಬಿಡಲೇಬೇಡಿ” ಎಂದರು.

ರಿಕ್ಷಾ ನೌಪಾಡಾ ತಲುಪುವವರೆಗೂ ಅಮ್ಮ ಮಗಳ ಕೈ ಹಿಡಿದೇ ಕೂತಿದ್ದಳು. ಸಿಗ್ನಲ್ಲಿನಲ್ಲಿ ರಮಿತಾಳಿಗೆ ತಡೆಯಲಾಗಲಿಲ್ಲ. “ನಿನ್ನಿಂದಲೇ ಹೋಯ್ತು, ಗೊತ್ತುಂಟಾ? ಎಲ್ಲ ಹೋಯ್ತು!”

“ಹೋಗಲಿ” ಎಂದಳು ಜಲಜಾಕ್ಷಿ. “ನೀನು ಉಂಟಲ್ಲ.”

ರಮಿತಾ ಕೈ ಬಿಡಿಸಿಕೊಳ್ಳಲು ನೋಡಿದಳು. ಅಮ್ಮ ಬಿಡಲಿಲ್ಲ.