ಹದಿನಾಲ್ಕನೇ ನಂಬರಿನ ಸ್ಲೈಡು

ರಕ್ತದ ಪ್ರಾಕ್ಟಿಕಲ್ ಇದ್ದ ದಿನ ರಂಜಿತ ಬೆಸಗರಹಳ್ಳಿಯ ಮೊದಲ ಬಸ್ಸಿಗೇ ಬಂದು, ಲ್ಯಾಬಿನ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕುಳಿತಿದ್ದಳು. ತಡವಾದರೇನು ಗತಿ ಎಂಬ ಭಯ ಒಂದು ಕಡೆ, ಬೆರಳು ಚುಚ್ಚಿದಾಗ ಎಲ್ಲರೆದುರು ತಲೆ ಸುತ್ತಿ ಬಿದ್ದರೇನು ಎಂಬ ಭಯ ಇನ್ನೊಂದು ಕಡೆ. ಮದ್ದೂರಿನ ಆ ಕಾಲೇಜಿಗೆ ಸೇರಿ ಮೂರು ತಿಂಗಳಾಗಿತ್ತು. ಬಿ.ಎಸ್ಸಿ. ಮೊದಲನೇ ವರ್ಷ. ಈ ಮೂರು ತಿಂಗಳಲ್ಲಿ ಅವಳು ಒಂದು ಪ್ರಾಕ್ಟಿಕಲ್ಲನ್ನೂ ತಪ್ಪಿಸಿರಲಿಲ್ಲ, ಒಂದನ್ನಾದರೂ ಸರಿಯಾಗಿ ಮಾಡಿದೆ ಎಂದು ಅವಳಿಗೆ ಅನ್ನಿಸಿಯೂ ಇರಲಿಲ್ಲ. ರೆಕಾರ್ಡ್ ಪುಸ್ತಕದಲ್ಲಿ ಒಂದು ಚಿತ್ರವನ್ನು ನಾಲ್ಕು ಸಲ ಅಳಿಸಿ ಬರೆಯುವಷ್ಟರಲ್ಲಿ ಹಾಳೆಯೇ ಸವೆದು ತೂತಾಗುತ್ತಿತ್ತು.

ಅಟೆಂಡರ್ ಅಂಕಯ್ಯ ಬಂದು ಬೀಗ ತೆಗೆದ. ಐವತ್ತು ದಾಟಿದ ಮನುಷ್ಯ, ಹುಡುಗರಿಗೆಲ್ಲ ಅಂಕಣ್ಣ. ಜಿರಳೆ ಹಿಡಿದು ತರುವುದು, ಎರೆಹುಳು ತೊಳೆಯುವುದು, ಮೈಕ್ರೋಸ್ಕೋಪುಗಳ ಧೂಳು ಒರೆಸುವುದು, ಎಲ್ಲಕ್ಕೂ ಅವನೇ. ಆದರೆ ಅವತ್ತು ಹತ್ತಿ, ಸ್ಪಿರಿಟ್ಟು, ಚುಚ್ಚುವ ಸೂಜಿಗಳ ಟ್ರೇಯನ್ನು ಮೇಜಿನ ಮೇಲಿಟ್ಟವನೇ ಬಾಗಿಲ ಕಡೆ ನಡೆದ.

"ಅಂಕಣ್ಣ, ನೀವೇ ಚುಚ್ಚಿ, ನಂಗೆ ಭಯ" ಎಂದಳು ರಂಜಿತ.

"ಅದೊಂದು ಮಾತ್ರ ನನ್ ಕೈಲಾಗಕಿಲ್ಲ ಕಣವ್ವ" ಎಂದು ಅವನು ವರಾಂಡಕ್ಕೆ ಹೋಗಿ, ಲ್ಯಾಬಿಗೆ ಬೆನ್ನು ಹಾಕಿ ನಿಂತುಬಿಟ್ಟ.

ಕೊನೆಗೆ ಚುಚ್ಚಿದವಳು ಪಕ್ಕದ ಸ್ಟೂಲಿನ ಮಂಜುಶ್ರೀ. "ಕುರಿ ಕುಯ್ಯಕ್ ಬಂದಂಗೆ ಆಡ್ತೀಯಲ್ಲಮ್ಮಿ! ಒಂದ್ ತೊಟ್ಟು ರಕ್ತ ಕಣೆ, ಆಸ್ತಿ ಕೇಳ್ದಂಗೆ ಮೊಕ ಮಾಡ್ಕಂಡಿದ್ದೀಯ" ಎನ್ನುತ್ತ ಅವಳು ಬೆರಳು ಹಿಡಿದು ಕುಟುಕಿಯೇಬಿಟ್ಟಳು. ರಂಜಿತ ಬೀಳಲಿಲ್ಲ. ತೊಟ್ಟನ್ನು ಗಾಜಿನ ಮೇಲೆ ಎಳೆದಳು, ಒಣಗಿಸಿದಳು, ನೇರಳೆ ಬಣ್ಣ ಹಾಕಿ ನೀರಲ್ಲಿ ತೊಳೆದಳು. ಮೈಕ್ರೋಸ್ಕೋಪಿನ ವೃತ್ತದೊಳಗೆ ಕೆಂಪು ಕಣಗಳು ಒಕ್ಕಣೆಯ ಕಣದಲ್ಲಿ ಹರಡಿದ ರಾಗಿಯ ಹಾಗೆ ಕಂಡವು. ಬಿಳಿ ಕಣಗಳು ಮಾತ್ರ ಕಾಣಲಿಲ್ಲ. ಗಾಜನ್ನು ಬೆರಳಿಂದ ಅತ್ತಿತ್ತ ಸರಿಸುತ್ತ ಕುತ್ತಿಗೆ ನೋಯುವವರೆಗೆ ಹುಡುಕಿದ ಮೇಲೆ ಬಣ್ಣ ಹೀರಿದ ಬಿಳಿ ಕಣ ಅಲ್ಲೊಂದು ಇಲ್ಲೊಂದು ನೇರಳೆ ಚುಕ್ಕೆಯಾಗಿ ಸಿಕ್ಕಿತು.

"ಸಿಗಲಿಲ್ವಾ? ಪೆಟ್ಟಿಗೆಯಿಂದ ಹದಿನಾಲ್ಕನೇ ನಂಬರು ತಗೊಳ್ಳಿ" ಎಂದರು ಪ್ರಾಕ್ಟಿಕಲ್ ನಡೆಸುತ್ತಿದ್ದ ಶಶಿಧರ್ ಸರ್. "ಅದರಲ್ಲಿ ಎಲ್ಲಿ ನೋಡಿದ್ರೂ ಬಿಳಿ ಕಣ. ಪ್ರತಿ ವರ್ಷ ನಮ್ಮನ್ನ ಕಾಪಾಡೋದೇ ಆ ಸ್ಲೈಡು."

ಎಲ್ಲರೂ ಸಾಲಾಗಿ ನಿಂತು ನೋಡಿದರು. ನೋಡಿದ್ದು ಒಂದು ಗಳಿಗೆ. ಆಮೇಲೆ ಪುಸ್ತಕ ತೆರೆದಿಟ್ಟುಕೊಂಡು ಅದರಲ್ಲಿದ್ದ ಐದು ಬಗೆಯ ಬಿಳಿ ಕಣಗಳನ್ನು ರೆಕಾರ್ಡಿಗೆ ಇಳಿಸಿದರು. ರಂಜಿತ ತನ್ನ ಸರದಿಯಲ್ಲಿ ಕಣ್ಣಿಟ್ಟಳು. ವೃತ್ತದ ತುಂಬ ದೊಡ್ಡ ದೊಡ್ಡ ನೇರಳೆ ಕಣಗಳು ಒತ್ತೊತ್ತಾಗಿ ನಿಂತಿದ್ದವು. ಐದು ಬಗೆ ಎಲ್ಲಿ? ಎಲ್ಲವೂ ಒಂದೇ ಮುಖದವು. ಪಕ್ಕದಿಂದ ಮಂಜುಶ್ರೀ ತಿವಿಯುವವರೆಗೂ ಅವಳು ಎಣಿಸುತ್ತಲೇ ಇದ್ದಳು. ಸ್ಲೈಡು ತೆಗೆಯುವಾಗ ಅಂಚಿಗೆ ಅಂಟಿಸಿದ್ದ ಚೀಟಿ ಕಂಡಿತು. ಗುಂಡಗಿನ ಮುದ್ದಾದ ಅಕ್ಷರ: ದೀಪಿಕ ಸಿ., ಮೊದಲನೇ ಬಿ.ಎಸ್ಸಿ. ಇಸವಿ ಆರು ವರ್ಷ ಹಿಂದಿನದು.

ಸಂಜೆ ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ಅವೇ ನೇರಳೆ ಮುಖಗಳು. ಮನೆಯಲ್ಲಿ ಗೋಡೆ ನೋಡಿದರೂ ಅವೇ. ದೀಪಿಕಳ ರಕ್ತದಲ್ಲಿ ಇಷ್ಟೊಂದು ಇದ್ದು ತನ್ನದರಲ್ಲಿ ಇಲ್ಲವೆಂದರೆ ಏನರ್ಥ? ರೋಗದ ಜೊತೆ ಹೋರಾಡುವ ಕಣಗಳು ಅವು ಎಂದು ಸರ್ ಹೇಳಿದ್ದರು. ಹಾಗಾದರೆ ತನ್ನೊಳಗೆ ಹೋರಾಡುವವರೇ ಇಲ್ಲ. ಹೋದ ತಿಂಗಳ ಶೀತ, ಬೆಳಗಿನ ಸುಸ್ತು, ಉದುರುವ ಕೂದಲು ಎಲ್ಲಕ್ಕೂ ಅವಳಿಗೆ ಕಾರಣ ಸಿಕ್ಕಿಬಿಟ್ಟಿತು. ಅವ್ವನಿಗೆ ಹೇಳಲಿಲ್ಲ. ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಮಂಜುಶ್ರೀಯನ್ನು ಕರೆದುಕೊಂಡು ಮಂಡ್ಯಕ್ಕೆ ಹೋಗಿ, ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ತೋಳು ಚಾಚಿ ಕುಳಿತಳು.

ಅಲ್ಲಿನ ಟೆಕ್ನಿಶಿಯನ್ ಜಯಪ್ರಕಾಶ್ ವರದಿ ಕೊಡುತ್ತ, "ಎಲ್ಲ ಸರಿಯಾಗಿದೆಯಲ್ಲಮ್ಮ, ಬಿಳಿ ಕಣ ಏಳು ಸಾವಿರದ ಇನ್ನೂರು. ಯಾರು ಬರೆದುಕೊಟ್ಟಿದ್ದು ಟೆಸ್ಟು?" ಎಂದ.

"ಯಾರೂ ಇಲ್ಲ ಸಾರ್, ಅವಳೇ ಡಾಕ್ಟ್ರು" ಎಂದಳು ಮಂಜುಶ್ರೀ.

ರಂಜಿತ ನಾಚುತ್ತಲೇ ಕೇಳಿದಳು. "ಕಾಲೇಜಿನ ಒಂದು ಸ್ಲೈಡಲ್ಲಿ ತುಂಬಾ ಇವೆ ಸಾರ್. ನಂದರಲ್ಲಿ ಎರಡೋ ಮೂರೋ. ಅದರಲ್ಲಿ ಒಂದೊಂದು ವೃತ್ತಕ್ಕೂ ಅರವತ್ತು ಎಪ್ಪತ್ತು."

"ಎಲ್ಲ ಒಂದೇ ಥರ ಇದಾವಾ? ದೊಡ್ಡವಾ?"

"ಹೂಂ. ಒಳಗೆಲ್ಲ ಬರೀ ನೇರಳೆ."

ಜಯಪ್ರಕಾಶ್ ಮುಖದ ನಗು ಹೋಯಿತು. "ಯಾರ ರಕ್ತಮ್ಮ ಅದು? ಇವತ್ತೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ. ನಾನು ಡಾಕ್ಟರಲ್ಲ, ಆದ್ರೆ ಅಂಥದ್ದು ನನ್ನ ಕಣ್ಣಿಗೆ ಬಿದ್ರೆ ಊಟ ಬಿಟ್ಟು ಫೋನ್ ಮಾಡ್ತೀನಿ. ರಕ್ತದ ಕ್ಯಾನ್ಸರ್ ಇದ್ರೆ ಹಾಗಿರುತ್ತೆ."

"ಆರು ವರ್ಷದ ಹಿಂದಿನ ಸ್ಲೈಡು ಸಾರ್."

ಅವನು ವರದಿಯನ್ನು ಮಡಿಚಿ ಅವಳ ಕೈಗಿಟ್ಟು, ಮುಂದಿನ ಹೆಸರು ಕರೆದ.

ತನ್ನ ಜೀವದ ಭಯ ಅಲ್ಲಿಗೆ ಮುಗಿಯಿತು, ನಿಜ. ಆದರೆ ಅದು ಖಾಲಿ ಮಾಡಿದ ಜಾಗಕ್ಕೆ ಆ ಗುಂಡಗಿನ ಅಕ್ಷರದ ಹುಡುಗಿ ಬಂದು ಕುಳಿತಳು. ಯಾರಾದರೂ ಅವಳಿಗೆ ಹೇಳಿದರೇ? ಬದುಕಿದ್ದಾಳೆಯೇ? ತನ್ನ ಹಾಗೇ ಕಾಲೇಜಿನ ಆ ಸ್ಟೂಲಿನಲ್ಲಿ ಕುಳಿತು, ತನ್ನದೇ ಸಾವನ್ನು ಕಣ್ಣಿಟ್ಟು ನೋಡಿ, ಪುಸ್ತಕ ನೋಡಿಕೊಂಡು ಚಿತ್ರ ಬರೆದಳೇ?

ಸೋಮವಾರ ಪ್ರಾಕ್ಟಿಕಲ್ ಮುಗಿದು ಎಲ್ಲರೂ ಹೋದ ಮೇಲೆ ಅವಳು ಹದಿನಾಲ್ಕನ್ನು ಮೈಕ್ರೋಸ್ಕೋಪಿಗೆ ಸಿಕ್ಕಿಸಿ ಶಶಿಧರ್ ಸರ್ ಅವರನ್ನು ಕರೆದಳು. ಮಂಡ್ಯದಲ್ಲಿ ಕೇಳಿದ್ದನ್ನು ಒಂದೇ ಉಸಿರಿಗೆ ಹೇಳಿ, "ನಂಗೆ ಗೊತ್ತಿಲ್ಲ ಸಾರ್, ತಪ್ಪಿರಬಹುದು" ಎಂದು ಎರಡು ಸಲ ಸೇರಿಸಿದಳು.

"ಬಣ್ಣ ಜಾಸ್ತಿ ಹಿಡಿದಿರುತ್ತೆ, ಅದಕ್ಕೆಲ್ಲ ತಲೆ ಕೆಡಿಸ್ಕೊಂಡ್ರೆ..." ಎನ್ನುತ್ತ ಸರ್ ಬಗ್ಗಿದರು. ಗಾಜನ್ನು ಸರಿಸಿದರು, ಮತ್ತೆ ಸರಿಸಿದರು. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ ಮತ್ತೊಮ್ಮೆ ನೋಡಿದರು. ಆಮೇಲೆ ಅವಳ ಮುಖ ನೋಡದೆ, "ಆರು ಬ್ಯಾಚು" ಎಂದರು. "ಆರು ಬ್ಯಾಚಿಗೆ ತೋರಿಸಿದೀನಿ ಇದನ್ನ." ಬೆಲ್ಲು ಹೊಡೆಯಿತು. ಅವರು ಹಾಜರಿ ಪುಸ್ತಕವನ್ನೂ ಮರೆತು ಹೊರಗೆ ಹೋದರು.

ಅದೇ ಹೊತ್ತಿಗೆ ಅಂಕಯ್ಯ ಮೈಕ್ರೋಸ್ಕೋಪುಗಳಿಗೆ ಹೊದಿಕೆ ಹಾಕಲು ಒಳಗೆ ಬಂದ. ಸ್ಲೈಡಿನ ಚೀಟಿ ಕಂಡು ಅವನ ಕೈ ತಡೆಯಿತು.

"ಅಂಕಣ್ಣ, ದೀಪಿಕ ಯಾರು?"

ಅವನು ಕಿಟಕಿಯ ಕಟ್ಟೆಗೆ ಒರಗಿದ. "ನಮ್ಮೂರ ಕೂಸು ಕಣವ್ವ, ಬಂಡೂರಿಂದು. ಚಿಕ್ಕಬೋರಕ್ಕನ ಮಗಳು. ಅವ್ರವ್ವ ಸೇರ್ಸೋವತ್ತು ನನ್ ಕೈ ಇಡ್ಕಂಡು, ಅಂಕ, ನೀನಿದ್ದೀಯ ಅನ್ನೋ ಧೈರ್ಯಕ್ಕೆ ಅಷ್ಟ್ ದೂರ ಕಳುಸ್ತಾ ಇವ್ನಿ ಅಂದಿದ್ಳು. ಮಾವ ಮಾವ ಅಂತ ಜತೇಲೇ ಬಸ್ಸಲ್ ಬರೋಳು."

"ಏನಾಯ್ತು?"

"ಚುಚ್ಕಳಕ್ಕೆ ಎದ್ರುಕಂಡ್ಳು, ನಿನ್ನಂಗೇಯ. ಮಾವ ನೀನೇ ಚುಚ್ಚು ಅಂದ್ಳು. ನಾನೇ ಚುಚ್ದೆ. ಸ್ಲೈಡು ಬೋ ಚೆಂದಾಗ್ ಬಂತು ಅಂತ ಸಾರು ಎಲ್ರುನೂ ಕರ್ದು ತೋರುಸ್ದ್ರು. ಇದ್ನ ಇಟ್ಕಳವಾ ಅಂತ ನನ್ ಕೈಲೇ ಮ್ಯಾಲೆ ಗಾಜು ಅಂಟುಸ್ದ್ರು. ಒಂದ್ ವಾರ ಕುಣ್ಕಂಡ್ ಓಡಾಡ್ತು ಕೂಸು." ಅವನು ಹೆಗಲ ಟವೆಲ್ಲಿನಿಂದ ಬಾಯಿ ಒರೆಸಿಕೊಂಡ. "ಅದಾದ್ ತಿಂಗಳಿಗೆ ಜ್ವರ. ಮೈಸೂರಾಸ್ಪತ್ರೆ. ರಕ್ತ ಕೆಟ್ಟೋಗದೆ ಅಂದ್ರಂತೆ. ನಾಕೇ ತಿಂಗಳು. ಓಗೇಬುಟ್ಲು."

ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಅವನೇ ಮುಂದುವರಿಸಿದ. "ಮಣ್ಣಿಗ್ ಬಂದೋವ್ರ ಮುಂದೆಲ್ಲ ಚಿಕ್ಕಬೋರಕ್ಕ ನನ್ನ ಎದೆ ಮ್ಯಾಲಿನ ಅಂಗಿ ಇಡ್ಕಂಡು, ನಿನ್ ಸೂಜಿ ನುಂಗ್ತು ಕಣಲೇ ನನ್ ಮಗೀನ ಅಂದ್ಳು. ಅವತ್ತಿಂದ ಆ ಬೀದೀಲಿ ನಾ ನಡೆಯಾಕಿಲ್ಲ. ಮಳವಳ್ಳಿ ಬಸ್‌ ಸ್ಟ್ಯಾಂಡಲ್ಲಿ ಸಿಕ್ಕುದ್ರೆ ಸೆರಗು ಮುಚ್ಕಂಡು ಅತ್ಲಾಗ್ ತಿರುಗ್ತಾಳೆ. ನಾನು ಆ ಬಸ್ಸು ಬುಟ್ಟು ಇಂದ್ಲು ಬಸ್ಸಿಗ್ ಬತ್ತೀನಿ." ಅವನು ತನ್ನ ಬಲಗೈ ಹೆಬ್ಬೆರಳನ್ನು ನೋಡಿಕೊಂಡ. "ಸೂಜಿ ಒಸದೇಯ, ನಾನೇ ಒಡ್ದಿದ್ದು ಕವರ್ನ. ಆದ್ರೂ ಕೈ ತೊಳ್ದಿದ್ನೋ ಇಲ್ವೋ ಅಂತ ಆರು ವರ್ಸದಿಂದ ಗೆಪ್ತಿ ಮಾಡ್ಕತೀನಿ. ಗೆಪ್ತೀಗೇ ಬರಾಕಿಲ್ಲ."

ರಂಜಿತ ಸ್ಲೈಡಿನತ್ತ ನೋಡಿದಳು. ಒಂದು ಮಾತು, ಒಂದೇ ಮಾತು ಹೇಳಿದರೆ ಈ ಮನುಷ್ಯನ ಎದೆಯ ಮೇಲಿನ ಕಲ್ಲು ಇಳಿಯುತ್ತದೆ. ತಾನು ಹೇಳುವುದು ತಪ್ಪಾಗಿದ್ದರೆ? ಆದರೆ ಸರ್ ಮುಖವನ್ನು ಅವಳು ಈಗಷ್ಟೇ ನೋಡಿದ್ದಳು. ಅದಕ್ಕಿಂತ ದೊಡ್ಡ ವರದಿ ಬೇಕಿರಲಿಲ್ಲ.

"ಅಂಕಣ್ಣ, ಇಲ್ಲಿ ಬಂದು ನೋಡಿ."

"ನಾನಾ?" ಅವನು ನಗಲು ನೋಡಿದ. "ಇಪ್ಪತ್ತೆಂಟ್ ವರ್ಸದಿಂದ ಒರಸ್ತಾ ಇವ್ನಿ, ಒಂದ್ ದಿನಾನೂ ಕಣ್ಣಿಕ್ಕಿಲ್ಲ ಕಣವ್ವ. ಅದು ನಿಮ್ಮದು."

ಅವಳು ಸ್ಟೂಲು ಎಳೆದಿಟ್ಟಳು. ಅವನು ಟವೆಲ್ಲನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಕುಳಿತ. ಮೊದಲು ಅವನ ರೆಪ್ಪೆಯೇ ಅವನಿಗೆ ಕಂಡಿತು. ಆಮೇಲೆ ಬರೀ ಬೆಳಕು. ಅವಳು ಮೊದಲು ತನ್ನ ಸ್ಲೈಡು ಇಟ್ಟು ತೋರಿಸಿದಳು: ಇದು ನನ್ನ ರಕ್ತ, ರಾಗಿ ಹಾಗಿರುವುದು ಕೆಂಪು ಕಣ, ಅಲ್ಲೊಂದು ನೇರಳೆ ಇದೆಯಲ್ಲ, ಅದು ಬಿಳಿ ಕಣ. ಅವನು ಹೂಂಗುಟ್ಟಿದ ಮೇಲೆ ಅದನ್ನು ತೆಗೆದು ಹದಿನಾಲ್ಕನ್ನು ಇಟ್ಟಳು.

ಅಂಕಯ್ಯ ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡು ಬಗ್ಗಿದ.

"ಇದು ಕಾಯಿಲೆ ಅಂಕಣ್ಣ. ನೀವು ಚುಚ್ಚಿದ ಆ ಮೊದಲನೇ ತೊಟ್ಟಲ್ಲೇ ಇದೆ. ಸೂಜಿಯಿಂದ ಬಂದಿದ್ದಲ್ಲ. ಚುಚ್ಚೋಕೆ ಮುಂಚೇನೇ ಒಳಗಿತ್ತು. ನಿಮ್ಮ ಕೈಯಿಂದ ಏನೂ ಆಗಿಲ್ಲ."

ಅವನ ಹೆಗಲು ಒಮ್ಮೆ ಕುಸಿಯಿತು. ಅಳುತ್ತಾನೆ ಎಂದುಕೊಂಡಳು. ಅವನು ಅಳಲಿಲ್ಲ. ಕಣ್ಣು ತೆಗೆಯದೆಯೇ ಕೇಳಿದ.

"ಅವತ್ತೇ ಇತ್ತಾ?"

"ಹೂಂ."

"ಅವತ್ತೇ ಕಾಣ್ತಿತ್ತಾ, ಇಂಗೇಯ? ನಾನು ಇದ್ನ ಕೈಲಿ ಇಡ್ಕಂಡು ಗಾಜು ಅಂಟುಸ್ದಾಗ್ಲೂ?"

ಅವಳು ತಲೆಯಾಡಿಸಿದಳು, ಕಣ್ಣಿಟ್ಟಿದ್ದ ಅವನಿಗೆ ಅದು ಕಾಣಲಿಲ್ಲ.

"ಅವತ್ತೇ ಯಾರಾದ್ರೂ ಆಸ್ಪತ್ರೆಗೆ ಕರ್ಕಂಡ್ ಓಗಿದ್ರೆ ಉಳ್ಕತಿದ್ಲಾ ಕೂಸು?"

ರಂಜಿತ ಇದನ್ನು ಯೋಚಿಸಿರಲಿಲ್ಲ. ಎಲ್ಲವನ್ನೂ ನಾಲ್ಕು ಸಲ ಯೋಚಿಸುವ ಅವಳು, ಕಲ್ಲು ಇಳಿಸುವ ಆತುರದಲ್ಲಿ ಇದೊಂದನ್ನು ಯೋಚಿಸಿರಲಿಲ್ಲ. "ಗೊತ್ತಿಲ್ಲ ಅಂಕಣ್ಣ" ಎಂದಳು. "ಉಳಿದಿದ್ರೂ ಉಳಿಯಬಹುದಿತ್ತು. ಗೊತ್ತಿಲ್ಲ." ಆಮೇಲೆ, ಏನಾದರೂ ಸರಿಪಡಿಸಲೇಬೇಕು ಅನ್ನಿಸಿ, "ಚಿಕ್ಕಬೋರಮ್ಮೋರಿಗೆ ನಾನೇ ಬಂದು ಹೇಳ್ತೀನಿ. ಸೂಜಿಯಿಂದ ಅಲ್ಲ ಅಂತ. ನಾಳೇನೇ ಮಳವಳ್ಳಿ ಬಸ್ಸು ಹತ್ತುತೀನಿ" ಎಂದಳು.

"ಏನಂತ ಯೋಳೀಯ?" ಅಂಕಯ್ಯ ಈಗ ತಲೆಯೆತ್ತಿದ. ಕಣ್ಣಿನ ಸುತ್ತ ಮಸೂರದ ಉಂಗುರ ಅಚ್ಚಾಗಿತ್ತು. "ಸೂಜಿ ಅಲ್ಲ ಅಂತೀಯ. ಮತ್ತೇನು ಅಂತಾಳೆ. ಕಾಯಿಲೆ ಮೊದ್ಲೇ ಇತ್ತು ಅಂತೀಯ. ಎಂಗ್ ಗೊತ್ತಾಯ್ತು ಅಂತಾಳೆ. ಆಮೇಕೆ?"

ಆಮೇಲೆ ಏನೆಂದು ಅವಳಿಗೂ ಗೊತ್ತಿತ್ತು. ಈ ಗಾಜಿನ ವಿಷಯ ಹೇಳಬೇಕಾಗುತ್ತಿತ್ತು. ಅವತ್ತು ಮೂವತ್ತು ಜನ ಸಾಲಾಗಿ ನಿಂತು ನೋಡಿದ್ದರು, ಚೆನ್ನಾಗಿದೆ ಎಂದಿದ್ದರು, ಚಪ್ಪಾಳೆ ತಟ್ಟುವುದೊಂದು ಬಾಕಿ.

"ಸೂಜಿ ಅಂದ್ಕಂಡ್ರೆ ಅವಳಿಗೆ ಬಯ್ಯಕ್ಕೆ ನಾನೊಬ್ಬ ಇವ್ನಿ" ಎಂದ ಅಂಕಯ್ಯ. "ಬೈದು ಉಂಡು ಮನೀಕತಾಳೆ. ಇದ್ನ ಯೋಳ್ದ್ರೆ ಜ್ವರಕ್ ಮುಂಚಿನ ಆ ತಿಂಗಳ್ನ ಒಂದೊಂದೇ ದಿನ ತಗುದು ನೋಡ್ತಾ ಕೂತ್ಕತಾಳೆ. ಮಗೀಗೆ ಸುಸ್ತು ಅಂದಾಗ ಸೋಮಾರಿ ಅಂತ ಬೈದಿದ್ಳು ಅವ್ಳು. ಅದ್ನ ಗೆಪ್ತಿ ಮಾಡ್ಕತಾಳೆ. ಬ್ಯಾಡ ಬುಡು. ನನ್ನೇ ಬೈಕಂಡಿರ್ಲಿ."

"ಹಾಗಾದ್ರೆ ನಿಮಗೆ ನಾನು ಹೇಳಬಾರದಾಗಿತ್ತು."

ಕಾರಿಡಾರಿನಲ್ಲಿ ಯಾರೋ ನಗುತ್ತ ಓಡಿಹೋದರು. ಕಿಟಕಿಯ ಬೆಳಕು ಅಡಿಯ ಪುಟ್ಟ ಕನ್ನಡಿಯ ಮೇಲೆ ಬೀಳುವಂತೆ ಮೈಕ್ರೋಸ್ಕೋಪನ್ನು ತಾನೇ ತಿರುಗಿಸಿಕೊಂಡು, ಅವನು ಮತ್ತೆ ಬಗ್ಗಿದ.

"ಸರುಸವ್ವ ಒಸಿ."

ಅವಳು ಗಾಜನ್ನು ಸರಿಸಿದಳು.

"ಇಲ್ಲೂ ಅವೆ. ಇನ್ನೂ ಸರುಸು."

ಅವಳು ಸರಿಸುತ್ತ ಹೋದಳು. ಇಲ್ಲೂ ಅವೆ, ಇಲ್ಲೂ ಅವೆ ಎಂದು ಅವನು ಮೆಲ್ಲಗೆ ಹೇಳುತ್ತಲೇ ಇದ್ದ. ಕೊನೆಗೆ ರಕ್ತದ ಲೇಪನದ ತುದಿ ದಾಟಿತು.

"ಇಲ್ಲೇನೂ ಇಲ್ವಲ್ಲವ್ವ, ಬರೀ ಬೆಳ್ಳಗದೆ."

"ಅಲ್ಲಿಗೆ ಮುಗೀತು ಅಂಕಣ್ಣ."

ಅವನು ಸ್ವಲ್ಪ ಹೊತ್ತು ಆ ಬರಿಯ ಬೆಳಕನ್ನೇ ನೋಡಿದ. ಆಮೇಲೆ, "ಇಂದಕ್ಕೆ ಸರುಸು" ಎಂದ.